ಹಳೇ ಸೆಸ್ನಾ 172, ರಾತ್ರಿ ಹಾರಾಟ: ಕಾಕ್‌ಪಿಟ್‌ಗೆ ಕೆಂಪು ದೀಪವೇ ಇರಲೋ, ಮಂದ ಬಿಳಿ ಹಾಕಿಸಲೋ?

ಸೆಸ್ನಾ_ಸವಾರ

ವಿಮಾನ: 1975ರ 172ಎಂ, 14 ವೋಲ್ಟ್, ಅಮೆರಿಕದ ನೋಂದಣಿ, ಇರೋದು ಕ್ಯಾಲಿಫೋರ್ನಿಯಾದಲ್ಲಿ. ತಲೆಮೇಲಿನ ಕನ್ಸೋಲ್‌ನಲ್ಲಿ ಕಾರ್ಖಾನೆಯ ಕೆಂಪು ಫ್ಲಡ್ ಲೈಟ್ ಇದೆ, ದಿಕ್ಸೂಚಿಯೊಳಗೆ ಪುಟ್ಟ ಬಲ್ಬ್, ರೇಡಿಯೊಗಳಿಗೆ ಅವುಗಳದ್ದೇ ಒಳದೀಪ. ಇದರ ಜೊತೆಗೆ ಮೀಟರುಗಳ ಪಕ್ಕ 12 ಪೋಸ್ಟ್ ಲೈಟ್ (ಪುಟ್ಟ ಕಂಬದಂಥ ದೀಪ).

ತೊಂದರೆಗಳು: ಫ್ಲಡ್ ಏರಿಸಿದರೆ ಏರ್‌ಸ್ಪೀಡ್ ಮೀಟರಿನ ಗಾಜು ಹೊಳೆಯುತ್ತೆ, ಫ್ಯೂಯಲ್ ಗೇಜು ಮಾತ್ರ ನೆರಳಲ್ಲೇ. ಕೆಂಪು ಬೆಳಕಲ್ಲಿ ಸೆಕ್ಷನಲ್ ನಕ್ಷೆಯ (ಪೈಲಟ್‌ಗಳ ಕಾಗದದ ನಕ್ಷೆ) ಮೆಜೆಂಟಾ ಗೆರೆಗಳೆಲ್ಲ ಮಾಯ. ಐಪ್ಯಾಡ್ ಅತಿ ಕಡಿಮೆಗೆ ಇಳಿಸಿದರೂ ಕಣ್ಣಿಗೆ ಹೊಡೆಯುತ್ತೆ. ಈಗ ಪೋಸ್ಟ್ ಲೈಟ್ 12ಕ್ಕೆ 12ಉ ಒಟ್ಟಿಗೆ ಸತ್ತಿವೆ, ಬ್ರೇಕರ್ ಮಾತ್ರ ಬಿದ್ದಿಲ್ಲ.

ಕೆಂಪು ಉಳಿಸಿಕೊಳ್ಳೋದಾ, ಬಿಳಿಗೆ ಹೋಗೋದಾ? ಹಸಿರೇ ಒಳ್ಳೇದು ಅಂತಾನೂ ಕೆಲವರು ಹೇಳ್ತಾರೆ. ಎಲ್‌ಇಡಿ ಹಾಕಿಸಿದರೆ ಏನೇನು ನೋಡಿಕೊಳ್ಳಬೇಕು?

ಇರುಳ್ಗಣ್ಣು

ಬಣ್ಣದ ಜಗಳ ಕಣ್ಣಿನಿಂದ ಶುರುವಾಗೋದು, ಅದನ್ನೇ ಮೊದಲು ನೋಡೋಣ.

ರೆಟಿನಾದಲ್ಲಿ ಎರಡು ಬಗೆಯ ಕೋಶಗಳಿವೆ. ಶಂಕು ಕೋಶಗಳು ಬಣ್ಣಕ್ಕೆ ಮತ್ತು ಸಣ್ಣ ಅಕ್ಷರಕ್ಕೆ, ಕಡ್ಡಿ ಕೋಶಗಳು ಕತ್ತಲಿಗೆ. ಶಂಕುಗಳು ಕತ್ತಲಿಗೆ 5ರಿಂದ 10 ನಿಮಿಷದಲ್ಲಿ ಹೊಂದಿಕೊಳ್ಳುತ್ತವೆ, ಕಡ್ಡಿಗಳಿಗೆ ಸುಮಾರು 30 ನಿಮಿಷ ಬೇಕು. ಕಡ್ಡಿಗಳಿಗೆ ಅತಿ ಹೆಚ್ಚು ಕಾಣೋದು 507 ನ್ಯಾನೊಮೀಟರ್ ಸುತ್ತಲಿನ ನೀಲಿಹಸಿರು. 650 ದಾಟಿದ ಕಡುಗೆಂಪು ಅವುಗಳಿಗೆ ಇಲ್ಲವೆಂಬಷ್ಟು ಕಡಿಮೆ. ಅದಕ್ಕೇ ಕೆಂಪು. ಜರ್ಮನಿಯ ವಿಲ್ಹೆಲ್ಮ್ ಟ್ರೆಂಡೆಲೆನ್‌ಬರ್ಗ್ 1916ರಲ್ಲೇ ಎಕ್ಸ್‌ರೇ ವೈದ್ಯರಿಗಾಗಿ ಕೆಂಪು ಕನ್ನಡಕ ಮಾಡಿದ್ದು ಇದೇ ತತ್ವದ ಮೇಲೆ. ಎರಡನೇ ಮಹಾಯುದ್ಧದ ಹೊತ್ತಿಗೆ ಅದು ವಿಮಾನದೊಳಕ್ಕೂ ಬಂತು.

ಆದರೆ ಅಂಗಡಿಯಲ್ಲಿ ಸಿಗೋ ಕೆಂಪು ಎಲ್‌ಇಡಿ ಸಾಮಾನ್ಯವಾಗಿ 620-630ರದ್ದು. ಅದನ್ನು ಜೋರಾಗಿ ಉರಿಸಿದರೆ ಕಡ್ಡಿಗಳೂ ಕೆಡುತ್ತವೆ. ಜೋರಾದ ಕೆಂಪಿಗಿಂತ ಚೆನ್ನಾಗಿ ಇಳಿಸಿದ ಬಿಳಿ ಎಷ್ಟೋ ವಾಸಿ.

ಇನ್ನೊಂದು, ಕೆಂಪು ಬೆಳಕು ರೆಟಿನಾದ ಹಿಂದಕ್ಕೆ ಕೇಂದ್ರೀಕರಿಸುತ್ತೆ. ಹತ್ತಿರದ್ದನ್ನು ಓದಲು ಕಣ್ಣು ಇನ್ನಷ್ಟು ಒತ್ತಬೇಕಾಗುತ್ತೆ. ಪ್ಲಸ್ ಪವರ್ ಕನ್ನಡಕದವರಿಗೆ, 40 ದಾಟಿದವರಿಗೆ ಕೆಂಪಲ್ಲಿ ಅಕ್ಷರ ಮಸುಕಾಗೋದು ಇದರಿಂದ. ಕತ್ತಲಲ್ಲಿ ಪಾಪೆ ಅಗಲವಾಗಿ ಫೋಕಸ್‌ನ ಆಳ ಕಡಿಮೆ ಆಗಿರೋದೂ ಸೇರಿಕೊಳ್ಳುತ್ತೆ. ಅಮೆರಿಕದ ವಿಮಾನಯಾನ ಸಂಸ್ಥೆ ಎಫ್‌ಎಎಯ ಕೈಪಿಡಿ ಹೇಳೋದೂ ಇದನ್ನೇ: ಹೊರಗಿನ ಕತ್ತಲನ್ನು ನೋಡಲೇಬೇಕಾದಾಗ ಮಾತ್ರ ಕೆಂಪು, ನಕ್ಷೆ ಮತ್ತು ಮೀಟರು ಓದೋಕೆ ಬಿಳಿ ಕೈಗೆ ಸಿಗುವಂತಿರಬೇಕು.

ಹಸಿರಿನ ವಿಷಯ: ಕಡ್ಡಿಗಳು ಅದಕ್ಕೇ ಹೆಚ್ಚು ಸ್ಪಂದಿಸೋದರಿಂದ ತುಂಬ ಕಡಿಮೆ ಬೆಳಕಲ್ಲೂ ಕಾಣುತ್ತೆ ನಿಜ, ಕತ್ತಲ ದೃಷ್ಟಿಯನ್ನು ಕಾಪಾಡುತ್ತೆ ಅನ್ನೋದು ತಪ್ಪು. ಮಿಲಿಟರಿಯಲ್ಲಿ ನೀಲಿಹಸಿರು ಬಂದದ್ದು ರಾತ್ರಿ ಕನ್ನಡಕಗಳಿಗಾಗಿ (ನೈಟ್ ವಿಷನ್ ಗಾಗಲ್ಸ್). ಆ ಕನ್ನಡಕಗಳು ಕೆಂಪು ಮತ್ತು ಅದರಾಚೆಯ ಅವಗೆಂಪನ್ನು ಹಿಡಿಯುತ್ತವೆ, ಒಳಗೆ ಕೆಂಪು ದೀಪ ಇದ್ದರೆ ಅವೇ ಕುರುಡಾಗುತ್ತವೆ. 172ರಲ್ಲಿ ಆ ಕನ್ನಡಕ ಹಾಕಿಕೊಳ್ಳೋರು ಯಾರು?

ಬಲಸೀಟು

ಇರುಳ್ಗಣ್ಣು ಡಾಕ್ಟ್ರು ಹೇಳಿದ್ದು ಸರಿ. ಆದರೆ ಕೆಂಪನ್ನು ಪೂರ್ತಿ ಕಿತ್ತು ಹಾಕಬೇಡಿ ಮಾರಾಯ್ರೆ. ಹುಣ್ಣಿಮೆ ಇಲ್ಲದ ದಿನ ಮರುಭೂಮಿ ಮೇಲೆ, ಕಡಲ ಮೇಲೆ ಹೋಗುವಾಗ ಹೊರಗಿನ ಗೆರೆ ಹುಡುಕಲು ಅದು ಉಪಯೋಗಕ್ಕೆ ಬರ್ತದೆ. ಊರಿನ ಬೆಳಕಿನ ಮೇಲೆ ಹಾರುವಾಗ ಅದರ ಲಾಭ ಸೊನ್ನೆ, ಕೆಳಗಿನ ಬೀದಿದೀಪಗಳೇ ಕಣ್ಣು ಕೆಡಿಸಿ ಆಗಿರ್ತದೆ.

ನಕ್ಷೆ ವಿಷಯ ಮಾತ್ರ ತಮಾಷೆಯಲ್ಲ. ಸೆಕ್ಷನಲ್‌ನಲ್ಲಿ ಟವರ್ ಇಲ್ಲದ ಏರ್‌ಪೋರ್ಟ್, ಕ್ಲಾಸ್ ಸಿ ವಾಯುಪ್ರದೇಶದ ವೃತ್ತ, ನೆಲದಿಂದಲೇ ಶುರುವಾಗುವ ಕ್ಲಾಸ್ ಇ ವಾಯುಪ್ರದೇಶ, ಎಲ್ಲ ಮೆಜೆಂಟಾ. ಕೆಂಪು ಬೆಳಕಲ್ಲಿ ಬಿಳಿ ಕಾಗದವೂ ಕೆಂಪು, ಗೆರೆಯೂ ಕೆಂಪು, ಮತ್ತೆ ಕಾಣೋದೇನು? ನೀಲಿ ಗೆರೆ ಕಪ್ಪಾಗಿಯಾದರೂ ಉಳಿಯುತ್ತದೆ.

ಪ್ರಾಯೋಗಿಕವಾಗಿ ದೀಪ ಹೊಂದಿಸುವ ಕ್ರಮ ಹೀಗಿರಲಿ. ಎಂಜಿನ್ ಶುರು ಮಾಡುವ ಮೊದಲು ಎಲ್ಲ ಗುಬ್ಬಿಗಳನ್ನೂ (ಬೆಳಕು ಏರಿಸಿ ಇಳಿಸುವ ನಾಬ್) ಪೂರ್ತಿ ಏರಿಸಿ, ಯಾವ ಬಲ್ಬ್ ಹೋಗಿದೆ ನೋಡಿ. ಆಮೇಲೆ ಎಲ್ಲ ಸೊನ್ನೆಗೆ. ಮೊದಲು ಪೋಸ್ಟ್ ಲೈಟನ್ನು ಮುಳ್ಳು ಓದಲು ಆಗುವಷ್ಟೇ ಏರಿಸಿ. ಫ್ಲಡ್ಡನ್ನು ನೆರಳು ತುಂಬುವಷ್ಟು ಮಾತ್ರ, ಅದೊಂದರಿಂದಲೇ ಓದುವಷ್ಟಲ್ಲ. ರೇಡಿಯೊ ಮತ್ತು ಜಿಪಿಎಸ್ ಪರದೆ ಕೊನೆಗೆ, ಮೀಟರುಗಳ ಮಟ್ಟಕ್ಕೆ ಸರಿಹೊಂದುವಂತೆ. ಯಾವುದೇ ಒಂದು ವಸ್ತು ಮಿಕ್ಕವಕ್ಕಿಂತ ಎದ್ದು ಕಂಡರೆ ಕಣ್ಣು ಅಲ್ಲಿಗೇ ಹೋಗ್ತದೆ. ರನ್‌ವೇ ತುದಿಯಲ್ಲಿ ನಿಂತಾಗ ಮತ್ತೊಮ್ಮೆ ಇಳಿಸಿ, ಯಾಕೆಂದರೆ ಏಪ್ರನ್ ದೀಪದ ಕೆಳಗೆ ಸರಿ ಅನಿಸಿದ್ದು ಅಲ್ಲಿ ಜಾಸ್ತಿಯಾಗಿರ್ತದೆ. ಮೇಲೆ ಹೋಗಿ 20 ನಿಮಿಷಕ್ಕೆ ಇನ್ನೂ ಇಳಿಸಬಹುದು.

ಒಂದು ಅಪವಾದ: ಹತ್ತಿರದಲ್ಲಿ ಮಿಂಚು ಇದ್ದರೆ ಎಲ್ಲವನ್ನೂ ಪೂರ್ತಿ ಏರಿಸಿ. ಕತ್ತಲಿಗೆ ಹೊಂದಿದ ಕಣ್ಣಿಗೆ ಒಂದು ಮಿಂಚು ಬಡಿದರೆ ಮೀಟರುಗಳು ಸ್ವಲ್ಪ ಹೊತ್ತು ಕಾಣೋದೇ ಇಲ್ಲ.

ತಂತಿ_ತಗಡು

ಸತ್ತಿರೋ ಪೋಸ್ಟ್ ಲೈಟ್ ಬಗ್ಗೆ ಹೇಳ್ತೀನಿ, ಅದು ಬಣ್ಣಕ್ಕಿಂತ ಮುಂಚಿನ ಕೆಲಸ.

ಎಲ್ಲವೂ ಒಟ್ಟಿಗೆ ಹೋಗಿದ್ದು, ಬ್ರೇಕರ್ ಬಿದ್ದಿಲ್ಲ ಅಂದ್ರೆ ಹೆಚ್ಚುಕಡಿಮೆ ಡಿಮ್ಮರ್ (ಬೆಳಕು ಏರಿಸಿ ಇಳಿಸೋ ಭಾಗ) ಟ್ರಾನ್ಸಿಸ್ಟರ್ ಹೋಗಿದೆ. ಯಾಕೆ ಹೋಯ್ತು ಅಂತ ಹುಡುಕದೆ ಹೊಸದು ಹಾಕಿದರೆ ಅದೂ ಕ್ಷಣಮಾತ್ರದಲ್ಲಿ ಹೋಗುತ್ತೆ. 5 ಆಂಪಿಯರ್ ಬ್ರೇಕರ್ ಇರೋದು ತಂತಿ ಸುಡದಿರಲಿ ಅಂತ. ಅದು ಬೀಳೋಕೆ ಸೆಕೆಂಡುಗಳು ಬೇಕು, ಟ್ರಾನ್ಸಿಸ್ಟರ್ ಸಾಯೋಕೆ ಮಿಲಿಸೆಕೆಂಡು ಸಾಕು.

14 ವೋಲ್ಟ್‌ನಲ್ಲಿ ಈ ಪೋಸ್ಟ್‌ಗಳಿಗೆ ಸಾಮಾನ್ಯವಾಗಿ 330 ನಂಬರ್ ಬಲ್ಬ್, ಒಂದಕ್ಕೆ 0.08 ಆಂಪಿಯರ್. 28 ವೋಲ್ಟ್ ವಿಮಾನಕ್ಕೆ 327, ಅದು 0.04. ನಿಮ್ಮ 12 ಬಲ್ಬಿಗೆ ಒಟ್ಟು 0.96. ಗುಬ್ಬಿ ಅರ್ಧದಲ್ಲಿದ್ದಾಗ ಡಿಮ್ಮರ್ ನಾಲ್ಕೂವರೆ ವ್ಯಾಟ್‌ನಷ್ಟು ಶಾಖ ಉಗುಳುತ್ತೆ. ಅದನ್ನು ಲೋಹದ ತಗಡಿಗೆ ಬಿಗಿಯಾಗಿ ಕೂರಿಸಿರಬೇಕು, ಮಧ್ಯದ ಮೈಕಾ ಹಾಳೆ ಮತ್ತು ಹೀಟ್‌ಸಿಂಕ್ ಪೇಸ್ಟ್ ಸರಿಯಿರಬೇಕು.

ಶಾರ್ಟ್ ಹುಡುಕೋ ವಿಧಾನ: ಬ್ರೇಕರ್ ಎಳೆಯಿರಿ, ಡಿಮ್ಮರ್‌ನಿಂದ ಹೊರಬರೋ ತಂತಿ ಬಿಡಿಸಿ, ಆ ತಂತಿ ಮತ್ತು ವಿಮಾನದ ಬಾಡಿ ಮಧ್ಯೆ ಓಮ್ ಮೀಟರ್ ಇಡಿ. ಇಲ್ಲೇ ಅನೇಕರು ಎಡವೋದು. 330 ಬಲ್ಬ್ ಉರಿಯುವಾಗ 175 ಓಮ್, ತಣ್ಣಗಿದ್ದಾಗ ಅದರ ಹತ್ತನೇ ಒಂದು ಭಾಗದ ಆಸುಪಾಸು. ಅಂಥ 12 ಪ್ಯಾರಲೆಲ್ ಇದ್ದರೆ ಮೀಟರ್ ಒಂದೂವರೆ ಓಮ್ ತೋರಿಸುತ್ತೆ, ಶಾರ್ಟ್ ಅಂದುಕೊಂಡು ಪ್ಯಾನೆಲ್ಲೇ ಬಿಚ್ಚಿಬಿಡ್ತಾರೆ. ಮೊದಲು ಎಲ್ಲ ಬಲ್ಬನ್ನೂ ತೆಗೆಯಿರಿ, ಆಗ ಓಪನ್ ತೋರಿಸಬೇಕು. ತೋರಿಸದಿದ್ದರೆ ನಿಜಕ್ಕೂ ಶಾರ್ಟ್.

ಸಿಗೋ ಜಾಗಗಳು ಇಷ್ಟೇ: ಪೋಸ್ಟ್ ಬುಡದ ಇನ್ಸುಲೇಷನ್ ವಾಷರ್ ಒಡೆದಿರುತ್ತೆ, ಇಲ್ಲ ಪ್ಯಾನೆಲ್ ಹಿಂದೆ ತಂತಿ ಮೀಟರಿನ ಅಂಚಿಗೆ ಉಜ್ಜಿ ಸಿಪ್ಪೆ ಹೋಗಿರುತ್ತೆ. ಎಷ್ಟೋ ಕಡೆ ಪೋಸ್ಟ್ ಕೂತಿರೋದು ಮೀಟರಿನ ಸ್ಕ್ರೂ ತೂತಿನಲ್ಲೇ, ಯಾರೋ ಮೀಟರ್ ತೆಗೆಯುವಾಗ ಬಿಗಿದು ತಿರುಚಿರ್ತಾರೆ. ಮಾಸ್ಟರ್ ಆನ್ ಇಟ್ಟುಕೊಂಡು ಬಲ್ಬ್ ಬದಲಿಸೋದೂ ಕಾರಣ. ಬಲ್ಬಿನ ತುದಿ ಓರೆಯಾಗಿ ಗೂಡಿನ ಗೋಡೆಗೆ ತಾಗಿದರೆ ಮುಗೀತು.

ಹೊಸ ಡಿಮ್ಮರ್ ಹಾಕೋ ಮುಂಚೆ ಆ ಸಾಲಿಗೆ ಸರಣಿಯಲ್ಲಿ 12 ವೋಲ್ಟ್ 21 ವ್ಯಾಟ್‌ನ ಕಾರಿನ ಬಲ್ಬ್ ಒಂದು ಜೋಡಿಸಿ ಪವರ್ ಕೊಡಿ. ಶಾರ್ಟ್ ಇದ್ದರೆ ಕಾರಿನ ಬಲ್ಬ್ ಪೂರ್ತಿ ಉರಿಯುತ್ತೆ, ಬೇರೇನೂ ಸುಡೋದಿಲ್ಲ. ಶಾರ್ಟ್ ಇಲ್ಲದಿದ್ದರೆ ಪೋಸ್ಟ್‌ಗಳೇ ಉರಿಯುತ್ತವೆ. ತಂತಿಗಳನ್ನು ಒಂದೊಂದಾಗಿ ಅಲುಗಿಸಿ ನೋಡಿ.

ಕಾಗದದ ಮಾತು: ಅಮೆರಿಕದ ವಿಮಾನ ದುರಸ್ತಿ ನಿಯಮ ಪಾರ್ಟ್ 43ರಲ್ಲಿ ಮಾಲೀಕರೇ ಮಾಡಬಹುದಾದ ಪಟ್ಟಿಯಲ್ಲಿ ಪೊಸಿಷನ್ ಲೈಟ್, ಲ್ಯಾಂಡಿಂಗ್ ಲೈಟ್ ಬಲ್ಬ್ ಬದಲಿಸೋದು ಇದೆ. ಡಿಮ್ಮರ್ ಕೆಲಸ ಮೆಕ್ಯಾನಿಕ್ ಸಹಿಯೊಂದಿಗೇ ಆಗಬೇಕು.

ಗ್ಯಾರೇಜ್_ಆರ್ವಿ

ಹಳೇ ಬಲ್ಬಿಗೆ ಯಾಕ್ರೀ ಇಷ್ಟು ಒದ್ದಾಟ? ಗ್ಲೇರ್‌ಶೀಲ್ಡ್ (ಪ್ಯಾನೆಲ್ ಮ್ಯಾಲಿನ ಮರೆ) ತುಟಿಯ ಕೆಳಗೆ 60 ಸೆಂಟಿಮೀಟರ್ ಎಲ್‌ಇಡಿ ಪಟ್ಟಿ ಹಾಕಿದ್ರ ಇಡೀ ಪ್ಯಾನೆಲ್ ಒಂದೇ ಸಮ ಬೆಳಗತೈತಿ, ನೆರಳೂ ಇಲ್ಲ, ಗಾಜಿನ ಹೊಳಪೂ ಇಲ್ಲ. ಎಕ್ಸ್‌ಪೆರಿಮೆಂಟಲ್ ವಿಮಾನ (ಮನ್ಯಾಗ ಕಟ್ಟಿದ್ದು) ಕಟ್ಟೋರೆಲ್ಲ ಇದನ್ನೇ ಮಾಡೋದು.

ತಂತಿ_ತಗಡು

ಎಕ್ಸ್‌ಪೆರಿಮೆಂಟಲ್‌ಗೆ ಸರಿ. 172 ಸರ್ಟಿಫೈಡ್ ವಿಮಾನ, ಪಿಎಂಎ (ಬಿಡಿಭಾಗ ತಯಾರಿಕೆಗೆ ಎಫ್‌ಎಎ ಒಪ್ಪಿಗೆ) ಇರೋ ಎಲ್‌ಇಡಿ ಪಟ್ಟಿ ಅಥವಾ ಬದಲಾವಣೆಗೆ ಒಪ್ಪಿಗೆಯ ಕಾಗದ ಬೇಕೇ ಬೇಕು. ಬೆಂಗಳೂರಿನ ಎಸ್.ಪಿ. ರೋಡಿನ ರೋಲ್ ತಂದು ಅಂಟಿಸೋ ಹಾಗಿಲ್ಲ.

ಆ ರೋಲ್ ಎಕ್ಸ್‌ಪೆರಿಮೆಂಟಲ್‌ಗೂ ಹಾಗ್ಹಾಗೇ ಆಗೋದಿಲ್ಲ. ಅದನ್ನು ಮಾಡಿರೋದು 12 ವೋಲ್ಟ್‌ಗೆ: ಮೂರು ಬಿಳಿ ಎಲ್‌ಇಡಿ ಸರಣಿ, ಜೊತೆಗೆ 150 ಓಮ್‌ನ ಆಸುಪಾಸಿನ ರೆಸಿಸ್ಟರ್. ಮೂರಕ್ಕೆ 9.3 ವೋಲ್ಟ್ ಹೋದರೆ 12ರಲ್ಲಿ ಉಳಿದ 2.7ಕ್ಕೆ 18 ಮಿಲಿಆಂಪಿಯರ್ ಹರಿಯುತ್ತೆ. ಆಲ್ಟರ್ನೇಟರ್ ಕೊಡೋ 14.2ರಲ್ಲಿ ಉಳಿಯೋದು 4.9, ಆಗ 33 ಮಿಲಿಆಂಪಿಯರ್. ಹೆಚ್ಚುಕಡಿಮೆ ದುಪ್ಪಟ್ಟು. ಬೇಗ ಮಂಕಾಗುತ್ತೆ, ಒಂದೊಂದು ತುಂಡು ಮಿಣುಕೋಕೆ ಶುರುವಾಗುತ್ತೆ.

ಗ್ಯಾರೇಜ್_ಆರ್ವಿ

ಖರೆ. ಅದಕ್ಕ ನೇರ 14ಕ್ಕ ಕೊಡೋದಿಲ್ಲ, ಎಲ್‌ಎಂ317 ರೆಗ್ಯುಲೇಟರ್ ಹಾಕತೀವಿ. ಲೆಕ್ಕ ಬರಕೊಳ್ರಿ. ಔಟ್‌ಪುಟ್ ಮತ್ತು ಅಡ್ಜಸ್ಟ್ ಕಾಲಿನ ನಡುವ 240 ಓಮ್. ಅಡ್ಜಸ್ಟ್‌ನಿಂದ ಗ್ರೌಂಡ್‌ಗೆ 1.2 ಕಿಲೋಓಮ್ ಸ್ಥಿರ ರೆಸಿಸ್ಟರ್, ಅದರ ಸರಣಿಯೊಳಗ 1 ಕಿಲೋಓಮ್ ಪಾಟ್ (ಗುಬ್ಬಿ ತಿರುಗಿಸಿ ಬದಲಿಸೋ ರೆಸಿಸ್ಟರ್). ಔಟ್‌ಪುಟ್ 7.5ರಿಂದ 12.7 ವೋಲ್ಟ್ ತನಕ ಬರತೈತಿ. 7.5ಕ್ಕ ಮೂರು ಬಿಳಿ ಎಲ್‌ಇಡಿ ಆರೋ ಹಂತಕ್ಕ ಬರತಾವ. ಅಂದ್ರ ಗುಬ್ಬಿಯ ಪೂರ್ತಿ ತಿರುಗಾಟ ಉಪಯೋಗಕ್ಕ ಬರತೈತಿ.

ಹಂಗ ಮಾಡದ 0ಯಿಂದ 14ರ ಡಿಮ್ಮರ್‌ಗೆ ಎಲ್‌ಇಡಿ ಹಚ್ಚಿದ್ರ ಗುಬ್ಬಿ ಅರ್ಧ ದಾರಿ ಏನೂ ಮಾಡಂಗಿಲ್ಲ, ಆಮ್ಯಾಲ ಒಮ್ಮೆಲೇ ಹತ್ತತೈತಿ. ರಾತ್ರಿ ಬೇಕಾಗಿರೋದು ಆ ಅತಿ ಕೆಳಗಿನ ಮಟ್ಟಾನ, ಅಲ್ಲೇ ಹಿಡಿತ ಇರಂಗಿಲ್ಲ.

ಪಾಟ್‌ನ ನಡುವಿನ ಕಾಲನ್ನ ಒಂದು ತುದಿಗೆ ಕೂಡಿಸಿ ಬೆಸುಗೆ ಹಾಕ್ರಿ. ಅದು ಸವೆದು ಬಿಟ್ಟುಕೊಂಡ್ರೂ ಔಟ್‌ಪುಟ್ 12.7ಕ್ಕ ನಿಲ್ಲತೈತಿ, ಮ್ಯಾಲ ಹೋಗಂಗಿಲ್ಲ. 60 ಸೆಂಟಿಮೀಟರ್ ಪಟ್ಟಿಯೊಳಗ 12 ತುಂಡು, ಒಟ್ಟು ಕಾಲು ಆಂಪಿಯರ್ ಹತ್ತಿರ. ಸಣ್ಣ ಹೀಟ್‌ಸಿಂಕ್ ಸಾಕು.

ಪಟ್ಟಿಯ ಹಿಂದಿನ ಅಂಟು ನಂಬಬ್ಯಾಡ್ರಿ. ಬಿಸಿಲಾಗ ನಿಂತ ವಿಮಾನದೊಳಗ ಅದು ಬಿಟ್ಟುಕೊಂಡು ಸ್ಟಿಕ್ ಮ್ಯಾಲ ಜೋತಾಡತೈತಿ. ಅಲ್ಯುಮಿನಿಯಂ ಚಾನೆಲ್ ಒಳಗ ಕೂರಿಸಿ ಸ್ಕ್ರೂ ಹಾಕ್ರಿ, ಹಾಲುಬಣ್ಣದ ಡಿಫ್ಯೂಸರ್ ಇರಲಿ.

ತಂತಿ_ತಗಡು

ಈ ಸರ್ಕ್ಯೂಟ್‌ಗೆ ನನ್ನ ತಕರಾರಿಲ್ಲ. ಪಿಡಬ್ಲ್ಯುಎಂ ಡಿಮ್ಮರ್ (ಕರೆಂಟನ್ನು ವೇಗವಾಗಿ ಆನ್-ಆಫ್ ಮಾಡಿ ಬೆಳಕು ಇಳಿಸೋದು) ಹಾಕಿದವರು ಮಾತ್ರ ಒಂದು ಪರೀಕ್ಷೆ ಮಾಡಿ: ಮಾತಾಡೋ ಕಾಂ ರೇಡಿಯೊದ ಸ್ಕ್ವೆಲ್ಚ್ (ಗದ್ದಲ ತಡೆಯೋ ವ್ಯವಸ್ಥೆ) ತೆರೆದಿಟ್ಟು 118ರಿಂದ 137 ಮೆಗಾಹರ್ಟ್ಜ್ ತನಕ ಕೆಲವು ಕಡೆ ನಿಲ್ಲಿಸಿ ಗುಬ್ಬಿ ತಿರುಗಿಸಿ. ಗುಂಯ್‌ಗುಡುವ ಶಬ್ದ ಬಂದರೆ ಅದು ಪಿಡಬ್ಲ್ಯುಎಂ ಅಲೆಯ ಚೂಪು ಅಂಚಿನಿಂದ. ಡಿಮ್ಮರನ್ನು ಪಟ್ಟಿಯ ಹತ್ತಿರಕ್ಕೆ ತನ್ನಿ, ಹೋಗುವ ಬರುವ ತಂತಿ ಹೆಣೆಯಿರಿ. ಆವರ್ತನ ತೀರ ಕಡಿಮೆ ಇದ್ದರೆ ಕಣ್ಣು ಹೊರಳಿಸಿದಾಗ ಒಂದು ದೀಪ ಚುಕ್ಕಿಗಳ ಸಾಲಾಗಿ ಕಾಣುತ್ತೆ, ಅದೂ ತಲೆನೋವೇ.

ತಂತಿ 22 ಗೇಜ್, ಟೆಫ್‌ಜೆಲ್ ಹೊದಿಕೆಯದ್ದು, ಬ್ರೇಕರ್ 5 ಆಂಪಿಯರ್ ಮೀರಬಾರದು. ಮತ್ತೆ, ಅರ್ಧ ಬಲ್ಬ್ ಅರ್ಧ ಎಲ್‌ಇಡಿ ಒಂದೇ ಡಿಮ್ಮರ್ ಮೇಲೆ ಬೇಡ. ಎರಡೂ ಒಂದೇ ದರದಲ್ಲಿ ಇಳಿಯೋದಿಲ್ಲ, ಒಂದು ಹಳದಿ ಕಂದು, ಇನ್ನೊಂದು ನೀಲಿ ಬಿಳಿ.

ಮೊದಲ_ಸೋಲೋ

ಸರ್, ಬೆಂಗಳೂರಿನಿಂದ, ಸಿಪಿಎಲ್ (ಕಮರ್ಷಿಯಲ್ ಪೈಲಟ್ ಲೈಸೆನ್ಸ್) ತರಬೇತಿ. ರಾತ್ರಿ ಸರ್ಕ್ಯೂಟ್ (ರನ್‌ವೇ ಸುತ್ತ ಹಾರಿ ಇಳಿಯುವ ಅಭ್ಯಾಸ) ಶುರುವಾಗಲಿದೆ, ವಿಮಾನ ಜಿ1000 ಎಂಬ ಡಿಜಿಟಲ್ ಪರದೆ ವ್ಯವಸ್ಥೆ ಇರುವ 172ಎಸ್. ಅದರಲ್ಲಿ ಪೋಸ್ಟ್ ಲೈಟ್ ಪ್ರಶ್ನೆಯೇ ಇಲ್ಲ ಅಲ್ವಾ? ಟಾರ್ಚ್ ಯಾವುದು ತಗೊಳ್ಳಲಿ?

ಬಲಸೀಟು

ಪೋಸ್ಟ್ ಲೈಟ್ ಇಲ್ಲ, ಆದರೆ ಪರದೆಗಳೇ ದೊಡ್ಡ ದೀಪ. ತನ್ನಿಂತಾನೆ ಇಳಿಯುವ ವ್ಯವಸ್ಥೆ ಫೋಟೊಸೆಲ್‌ನಿಂದ ನಡೆಯೋದು, ರಾತ್ರಿಗೆ ಅದು ಯಾವಾಗಲೂ ಸಾಲುವುದಿಲ್ಲ. ಪಿಎಫ್‌ಡಿ ಎಂಬ ಮುಖ್ಯ ಹಾರಾಟ ಪರದೆಯಲ್ಲಿ ಮೆನು ಒತ್ತಿ, ಆಟೋ ಇರುವುದನ್ನು ಮ್ಯಾನ್ಯುಯಲ್ ಮಾಡಿ, ಎರಡೂ ಪರದೆ ಬೇರೆ ಬೇರೆಯಾಗಿ ಇಳಿಸಿ. ಕೀಲಿಗಳ ಬೆಳಕೂ ಅಲ್ಲೇ ಉಂಟು. ಹಾರಾಟ ಮುಗಿದ ಮೇಲೆ ಮತ್ತೆ ಆಟೋಗೆ ಇಡಿ, ಇಲ್ಲದಿದ್ದರೆ ಬೆಳಿಗ್ಗೆ ಬಂದವರು ಪರದೆ ಸತ್ತಿದೆ ಅಂತ ಬರೆದು ಹೋಗ್ತಾರೆ. ಸ್ಟ್ಯಾಂಡ್‌ಬೈ ಮೀಟರುಗಳಿಗೆ ಪ್ರತ್ಯೇಕ ಗುಬ್ಬಿ ಇದೆ. ಅದನ್ನು ಸೊನ್ನೆಯಲ್ಲಿ ಬಿಟ್ಟು ಹಾರಬೇಡಿ, ಪರದೆ ಹೋದಾಗ ಕತ್ತಲಲ್ಲಿ ಆ ಗುಬ್ಬಿ ಹುಡುಕಬೇಕಾಗ್ತದೆ.

ಟಾರ್ಚ್ ಎರಡು ಇರಲಿ, ಒಂದು ಕುತ್ತಿಗೆಗೆ, ಒಂದು ಬಾಗಿಲ ಜೇಬಿಗೆ. ಹಣೆಗೆ ಕಟ್ಟುವ ಟಾರ್ಚ್ ತಗೊಂಡರೆ ಆನ್ ಮಾಡಿದೊಡನೆ ಕೆಂಪೇ ಹತ್ತುವಂಥದ್ದನ್ನು ಆರಿಸಿ. ಬಿಳಿ ದಾಟಿ ಕೆಂಪಿಗೆ ಬರುವವು ಅರ್ಧ ಗಂಟೆಯ ಹೊಂದಾಣಿಕೆಯನ್ನು ಒಂದೇ ಒತ್ತಿಗೆ ಹಾಳು ಮಾಡುತ್ತವೆ. ಪಕ್ಕದವರ ಮುಖ ನೋಡಿದರೆ ಅವರದ್ದೂ ಹೋಯ್ತು. ಹೆಡ್‌ಸೆಟ್ ಮೈಕಿನ ಕಡ್ಡಿಗೆ ಕೂರಿಸುವ, ತುಟಿಯಿಂದ ಒತ್ತುವ ಪುಟ್ಟ ದೀಪ ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ವಾಸಿ. ಕೈ ಖಾಲಿ ಉಳಿಯುತ್ತದೆ.

ವಿಮಾನ ಸುತ್ತಿ ನೋಡುವಾಗ ಮಾತ್ರ ಬಿಳಿ ಟಾರ್ಚೇ ಬೇಕು. 100ಎಲ್‌ಎಲ್ ಇಂಧನದ ನೀಲಿ ಕೆಂಪು ಬೆಳಕಲ್ಲಿ ಗೊತ್ತಾಗೋದಿಲ್ಲ.

ಮತ್ತೊಂದು, ತರಬೇತಿಯ ಬಿಳಿ ಅಂಗಿ. ಕಿಟಕಿ ಗಾಜಲ್ಲಿ ಅದರದ್ದೇ ಪ್ರತಿಬಿಂಬ. ತೊಡೆಯ ಮೇಲಿನ ಬಿಳಿ ಕಾಗದವೂ ಹಾಗೆಯೇ. ಅಂಗಿಯ ಮೇಲೆ ಕಪ್ಪು ಜಾಕೆಟ್ ಹಾಕಲು ಬಿಡ್ತಾರಾ ಅಂತ ಕೇಳಿ ನೋಡಿ. ಗ್ಲೇರ್‌ಶೀಲ್ಡ್ ಮೇಲೆ ಏನೂ ಇಡಬೇಡಿ.

ಇರುಳ್ಗಣ್ಣು

ಐಪ್ಯಾಡ್ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲ. ಸೆಟ್ಟಿಂಗ್ಸ್, ಆಕ್ಸೆಸಿಬಿಲಿಟಿ, ಡಿಸ್‌ಪ್ಲೇ ಮತ್ತು ಟೆಕ್ಸ್ಟ್ ಸೈಜ್ ಒಳಗೆ ‘ರೆಡ್ಯೂಸ್ ವೈಟ್ ಪಾಯಿಂಟ್’ ಇದೆ. ಅದನ್ನು ಆಕ್ಸೆಸಿಬಿಲಿಟಿ ಶಾರ್ಟ್‌ಕಟ್‌ಗೆ ಸೇರಿಸಿದರೆ ಬಟನ್ ಮೂರು ಸಲ ಒತ್ತಿದಾಗ ಪರದೆ ಸಾಮಾನ್ಯ ಕನಿಷ್ಠಕ್ಕಿಂತಲೂ ಕೆಳಗೆ ಇಳಿಯುತ್ತೆ. ಆಪ್‌ನಲ್ಲಿ ಕಪ್ಪು ಹಿನ್ನೆಲೆಯ ನಕ್ಷೆ ಆರಿಸಿ. ಕೆಂಪು ಫಿಲ್ಟರ್ ಹಾಕಿದರೆ ಕಾಗದದ ನಕ್ಷೆಗೆ ಆದ ಗತಿಯೇ, ಮೆಜೆಂಟಾ ಮಾಯ.

ಆಮ್ಲಜನಕವೂ ಇದರಲ್ಲಿ ಸೇರಿದೆ. ರಾತ್ರಿ 5,000 ಅಡಿ ಮೇಲೆ ಪೂರಕ ಆಮ್ಲಜನಕ ಬಳಸಿ ಅಂತ ಎಫ್‌ಎಎ ಸಲಹೆ ಕೊಡೋದು ಕಡ್ಡಿ ಕೋಶಗಳು ಅದರ ಕೊರತೆಗೆ ಮೊದಲು ಸೋಲೋದರಿಂದ. ಮೇಲೆ ಹೋದಂತೆ ಮೀಟರು ಮಂಕಾಯಿತು ಅಂತ ಗುಬ್ಬಿ ಏರಿಸುತ್ತಾ ಹೋಗೋರು ಇದನ್ನು ನೆನಪಿಡಬೇಕು. ಸಿಗರೇಟಿನ ಕಾರ್ಬನ್ ಮಾನಾಕ್ಸೈಡ್ ಮಾಡೋದೂ ಇದೇ ಕೆಲಸ.

ಗ್ಯಾರೇಜ್_ಆರ್ವಿ

ಪೈಪರ್ ಆರೋ (ಚಕ್ರ ಒಳಗ ಮಡಚೋ ವಿಮಾನ) ಹಾರಿಸೋರಿಗೆ ಒಂದು ಮಾತು. ಪ್ಯಾನೆಲ್ ಲೈಟ್ ಹಾಕಿದ್ರ ಗೇರ್, ಅಂದ್ರ ಚಕ್ರ ಇಳಿದದ್ದು ತೋರಿಸೋ ಮೂರು ಹಸಿರು ದೀಪ ತಾವಾಗೇ ಮಂದ ಆಗತಾವ. ಹಗಲೊತ್ತಿನ್ಯಾಗ ಆ ಗುಬ್ಬಿ ಯಾರೋ ಆನ್ ಬಿಟ್ಟು ಹೋಗಿದ್ರ ಗೇರ್ ಇಳಿದ್ರೂ ಹಸಿರು ಕಾಣಂಗಿಲ್ಲ. ಗೇರ್ ಕೆಟ್ಟೈತಿ ಅಂತ ಗಾಬರಿ ಆಗೋ ಮೊದಲು ಪ್ಯಾನೆಲ್ ಲೈಟ್ ಆರಿಸಿ ನೋಡ್ರಿ.

ಸೆಸ್ನಾ_ಸವಾರ

ಎಲ್ಲರಿಗೂ ಧನ್ಯವಾದ. ಬಲ್ಬ್ ತೆಗೆದು ಅಳೆಸಿದೆವು. ಒಂದು ಪೋಸ್ಟ್‌ನ ವಾಷರ್ ಒಡೆದು ಬಾಡಿಗೆ ತಾಗಿತ್ತು, ಡಿಮ್ಮರ್ ಹೋಗಿದೆ. ಪಿಎಂಎ ಇರೋ ಬಿಳಿ ಎಲ್‌ಇಡಿ ಪಟ್ಟಿಯನ್ನು ಅದರದ್ದೇ ಡಿಮ್ಮರ್ ಜೊತೆ ಗ್ಲೇರ್‌ಶೀಲ್ಡ್ ಕೆಳಗೆ ಹಾಕಿಸೋದು, ಕೆಂಪು ಫ್ಲಡ್ ಹಾಗೇ ಇರೋದು ಅಂತ ಮೆಕ್ಯಾನಿಕ್ ಜೊತೆ ಮಾತಾಯಿತು. ಪಟ್ಟಿಯ ತಂತಿ ದಿಕ್ಸೂಚಿಯ ಕಂಬದ ಹತ್ತಿರವೇ ಹಾದು ಹೋಗುತ್ತೆ. ಏನಾದರೂ ತೊಂದರೆಯಾ?

ತಂತಿ_ತಗಡು

ಆಗುತ್ತೆ. ಒಂಟಿ ತಂತಿಯಲ್ಲಿ ಕರೆಂಟ್ ಹೋಗಿ ಬಾಡಿ ಮೂಲಕ ವಾಪಸ್ ಬಂದರೆ ಸುತ್ತ ಅಯಸ್ಕಾಂತ ಕ್ಷೇತ್ರ ಹುಟ್ಟುತ್ತೆ, ಮುಳ್ಳು ಸರಿಯುತ್ತೆ. ಗ್ರೌಂಡ್ ತಂತಿಯನ್ನೂ ಜೊತೆಗೇ ಎಳೆದು ಎರಡನ್ನೂ ಹೆಣೆಯಿರಿ, ಎರಡರ ಕ್ಷೇತ್ರ ಒಂದನ್ನೊಂದು ಹೊಡೆದು ಹಾಕುತ್ತೆ. ದಿಕ್ಸೂಚಿಯ ಒಳದೀಪಕ್ಕೂ ಹೆಣೆದ ಜೋಡಿಯೇ ಇರಬೇಕು. ಅಲ್ಲಿ ಕಬ್ಬಿಣದ ಸ್ಕ್ರೂ, ಕ್ಲಿಪ್ ಬೇಡ. ಹಿತ್ತಾಳೆ ಹಾಕಿ.

ಕೆಲಸ ಮುಗಿದ ಮೇಲೆ ಎಂಜಿನ್ ಓಡುತ್ತಿರುವಾಗ, ರೇಡಿಯೊ ಆನ್ ಇಟ್ಟುಕೊಂಡು ದಿಕ್ಸೂಚಿ ಸ್ವಿಂಗ್ ಮಾಡಿಸಿ, ಅಂದರೆ ವಿಮಾನವನ್ನು 30 ಡಿಗ್ರಿಗೊಮ್ಮೆ ತಿರುಗಿಸಿ ದಿಕ್ಸೂಚಿ ಎಷ್ಟು ತಪ್ಪು ತೋರಿಸುತ್ತೆ ನೋಡೋದು. ಪ್ರತಿ ದಿಕ್ಕಿನಲ್ಲೂ ದೀಪ ಆರಿಸಿ ಒಮ್ಮೆ, ಪೂರ್ತಿ ಹೊತ್ತಿಸಿ ಒಮ್ಮೆ ಬರೆದುಕೊಳ್ಳಿ. ಎರಡರ ನಡುವೆ ವ್ಯತ್ಯಾಸ ಕಂಡರೆ ದಿಕ್ಸೂಚಿಯ ತಪ್ಪು ಬರೆದಿಡೋ ಕಾರ್ಡ್ ತಿದ್ದೋಕೆ ಹೋಗಬೇಡಿ, ಮೊದಲು ತಂತಿಯ ದಾರಿ ಬದಲಿಸಿ.